ಯೋನಿ ತೊಳೆಯುವ ಇಂಟಿಮೇಟ್ ವಾಶ್ ಹಾಕಿ ದಿನಕ್ಕೆ ಎರಡು ಸಲ ಒಳಗೂ ತೊಳೆಯುತ್ತೇನೆ, ಆದರೂ ವಾಸನೆ, ತುರಿಕೆ ಹೋಗುತ್ತಿಲ್ಲ. ಯಾವ ವಾಶ್ ಒಳ್ಳೆಯದು?

ಯಾವುದೂ ಬೇಡ. ದಿನಕ್ಕೆ ಎರಡು ಸಲ ಒಳಗೂ ತೊಳೆಯುತ್ತೇನೆ ಅಂತ ಬರೆದಿದ್ದೀರಲ್ಲ, ಮೊದಲು ಅದನ್ನು ನಿಲ್ಲಿಸಿ. ನಾನೂ ಇದೇ ಮಾಡುತ್ತಿದ್ದೆ. ವಾಸನೆ ಅಂತ ತೊಳೆಯೋದು, ಎರಡು ದಿನಕ್ಕೆ ಮತ್ತೆ ವಾಸನೆ, ಮತ್ತೆ ಇನ್ನೂ ಜಾಸ್ತಿ ತೊಳೆಯೋದು.

ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಇರುತ್ತವೆ, ನಮಗೆ ಒಳ್ಳೆಯದು ಮಾಡುವವು. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಒಳಗಿನ ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಅನ್ನು ಸುಮಾರು 3.8ರಿಂದ 4.5ರೊಳಗೆ ಇಡುತ್ತವೆ. ಅಷ್ಟು ಹುಳಿಯಲ್ಲಿ ಬೇಡದ ಕ್ರಿಮಿಗಳು ಸುಲಭಕ್ಕೆ ಬೆಳೆಯುವುದಿಲ್ಲ. ಮಾಮೂಲಿ ಸೋಪಿನ ಪಿಎಚ್ 9-10 ಇರುತ್ತೆ. ಬಾಟಲಿ ಮೇಲೆ ಏನೇ ಬರೆದಿರಲಿ, ಒಳಗೆ ಹಾಕಿ ತೊಳೆದರೆ ಇರೋ ಕಾವಲುಗಾರರನ್ನೇ ಓಡಿಸಿದ ಹಾಗೆ. ಹೊರಭಾಗಕ್ಕೆ ಉಗುರುಬೆಚ್ಚಗಿನ ನೀರು ಸಾಕು.

ನಾನು ಮಾಡಿದ ಇನ್ನೊಂದು ಎಡವಟ್ಟು ಕೇಳಿ. ಫಂಗಸ್ ಇರಬೇಕು ಅಂತ ನಾನೇ ತೀರ್ಮಾನ ಮಾಡಿ, ಸುಮ್ನೆ ಎರಡು ವಾರ ಕ್ಲೋಟ್ರಿಮಜೋಲ್ ಕ್ರೀಮ್ ಹಚ್ಚಿದೆ. ಆಮೇಲೆ ಡಾಕ್ಟರ್ ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ ತೆಗೆದು ನೋಡಿದರೆ ಅದು ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಒಳಗಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿ ಆಗೋ ತೊಂದರೆ. ಅದಕ್ಕೆ ಆ ಕ್ರೀಮ್ ಕೆಲಸವೇ ಮಾಡುವುದಿಲ್ಲ, ಮೆಟ್ರೊನಿಡಜೋಲ್‌ನಂಥ ಆಂಟಿಬಯೋಟಿಕ್ ಬೇಕು. ಅದರಲ್ಲಿ ಬಿಳುಪು (ಯೋನಿಯಿಂದ ಹೋಗುವ ಸ್ರಾವ) ತೆಳ್ಳಗೆ, ಬೂದು ಬಣ್ಣಕ್ಕಿರುತ್ತೆ, ಮೀನಿನ ವಾಸನೆ, ಸಂಭೋಗದ ನಂತರ ಇನ್ನೂ ಜಾಸ್ತಿ. ಫಂಗಸ್ ಆದರೆ ಒಡೆದ ಹಾಲಿನ ಹಾಗೆ ಗಟ್ಟಿ ಚೂರು, ವಿಪರೀತ ನವೆ, ವಾಸನೆ ಅಷ್ಟಿರಲ್ಲ. ಬೇರೆ ಕಾಯಿಲೆಗೆ ಆಂಟಿಬಯೋಟಿಕ್ ತಗೊಂಡ ಮೇಲೆ ಅಥವಾ ಶುಗರ್ ಹಿಡಿತದಲ್ಲಿ ಇಲ್ಲದಾಗ ಇದು ಬರೋದು ಹೆಚ್ಚು. ಹಳದಿ-ಹಸಿರು, ನೊರೆ ನೊರೆ ಇದ್ದರೆ ಟ್ರೈಕೊಮೊನಾಸ್ ಅನ್ನೋ ಪರಾವಲಂಬಿ ಕ್ರಿಮಿ ಇರಬಹುದು. ಅದು ಸಂಭೋಗದಿಂದ ಹರಡುತ್ತೆ, ಸಂಗಾತಿಗೂ ಮಾತ್ರೆ ಕೊಡಿಸದಿದ್ದರೆ ಮತ್ತೆ ನಿಮಗೇ ವಾಪಸ್. ಆದರೆ ಈ ಲಕ್ಷಣಗಳು ಒಂದಕ್ಕೊಂದು ಬೆರೆತಿರುತ್ತವೆ, ಎರಡು ಸೋಂಕು ಒಟ್ಟಿಗೇ ಇರೋದೂ ಉಂಟು. ಬಣ್ಣ ನೋಡಿ ಔಷಧಿ ತರಬೇಡಿ.

ಹಾಗಂತ ಬಿಳುಪೆಲ್ಲ ಕಾಯಿಲೆಯಲ್ಲ. ಎರಡು ಮುಟ್ಟಿನ ಮಧ್ಯೆ ಎಳೆ ಎಳೆಯಾಗಿ, ಲೋಳೆಯ ಹಾಗೆ ಹೋಗೋದು ಮಾಮೂಲು, ಸ್ವಲ್ಪ ಹುಳಿ ವಾಸನೆಯೂ ಅಷ್ಟೇ. ಪರಿಮಳದ ಪ್ಯಾಡ್, ಸ್ಪ್ರೇ ಬಿಡಿ. ಒದ್ದೆ ಒಳಉಡುಪು ಬೇಗ ಬದಲಿಸಿ, ಹತ್ತಿಯದಾದರೆ ಒಳ್ಳೆಯದು.

ನಿಮಗೆ ತುರಿಕೆಯೂ ಇರೋದರಿಂದ ಈ ವಾರವೇ ತೋರಿಸಿ. ಜ್ವರ, ಕೆಳಹೊಟ್ಟೆ ನೋವು ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಇವತ್ತೇ. ಹೋಗುವ ಮುಂಚೆ ಒಂದೆರಡು ದಿನ ಒಳಗೆ ವಾಶ್, ಕ್ರೀಮ್ ಏನೂ ಹಾಕಬೇಡಿ, ಇಲ್ಲದಿದ್ದರೆ ಸ್ಯಾಂಪಲ್‌ನಲ್ಲಿ ಸರಿಯಾಗಿ ಗೊತ್ತಾಗದೇ ಹೋಗಬಹುದು.