ಬಂಗಾರಕ್ಕೆ ತಾಗಿಸಬೇಡಿ ಎಂದ ಕ್ರೀಮು

ಪ್ರಿಯ ಸಹೋದರಿ,

ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ. ಹಾಕಿಲ್ಲ. ಆದರೆ ನಿಮ್ಮ ಪತ್ರದ ವಿಷಯ ಹತ್ತು ಮನೆಗೆ ಬೇಕಾದದ್ದು, ಉಳಿದ ಓದುಗರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಮದುವೆ ಗೊತ್ತಾಗಿದೆ. ಪಾರ್ಲರಿನಲ್ಲಿ ಒಂದು ಡಬ್ಬಿ ಕ್ರೀಮು ಕೊಟ್ಟರು. ಹತ್ತೇ ದಿನದಲ್ಲಿ ಮುಖ ಬೆಳ್ಳಗಾಯಿತು, ನೆಂಟರೆಲ್ಲ ಹೊಗಳಿದರು. ಡಬ್ಬಿ ಮುಗಿದು ನಾಲ್ಕು ದಿನ ಹಚ್ಚದೆ ಇದ್ದಾಗ ಮುಖ ಕೆಂಪಗಾಗಿ ಉರಿ ಶುರುವಾಯಿತು. ಪಾರ್ಲರಿನವರು ‘ಇನ್ನೊಂದು ಡಬ್ಬಿ ಹಚ್ಚಿ, ಸರಿಹೋಗುತ್ತೆ’ ಎಂದರಂತೆ. ಹಚ್ಚಲೋ ಬೇಡವೋ ಎಂದು ನೀವು ಕೇಳಿದ್ದೀರಿ.

ಬೇಡ. ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಖಾಲಿ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ, ತಳಕ್ಕೆ ಅಂಟಿರುವಷ್ಟಾದರೂ ಇರಲಿ.

ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಮೇಲೆ ನಗುವ ಹುಡುಗಿಯ ಚಿತ್ರ. ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ಒಳಗೆ ಏನಿದೆ ಎಂಬ ಒಂದು ಸಾಲೂ ಇಲ್ಲ. ಹಿಂದೆ ಅಂಟಿಸಿದ ಸಣ್ಣ ಚೀಟಿಯಲ್ಲಿ ಮಾತ್ರ ‘ಬಂಗಾರ, ಬೆಳ್ಳಿಗೆ ತಾಗಿಸಬೇಡಿ’ ಎಂದಿದೆ. ಆ ಸಾಲು ಓದಿ ನನಗೆ ನಿಜಕ್ಕೂ ಭಯವಾಯಿತು.

ಬಂಗಾರಕ್ಕೆ ಅಂಟಿಕೊಂಡು ಅದನ್ನು ಬೆಳ್ಳಗೆ ಮಾಡುವುದು ಪಾದರಸ. ಯಾವ ಅಕ್ಕಸಾಲಿಗರನ್ನು ಕೇಳಿದರೂ ಹೇಳುತ್ತಾರೆ. ಪಾದರಸವಿರುವ ಕ್ರೀಮನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುಳಿವುಗಳಲ್ಲಿ ಇಂಥ ಎಚ್ಚರಿಕೆಯ ಸಾಲೂ ಒಂದು. ಉಂಗುರ ಹಾಳಾಗಬಾರದು ಎಂದು ಚೀಟಿ ಅಂಟಿಸಿದವರಿಗೆ ಹುಡುಗಿಯ ಮುಖದ ಚಿಂತೆ ಇರಲಿಲ್ಲ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದು ತಯಾರಾಗದಂತೆ ಪಾದರಸ ತಡೆಯುತ್ತದೆ, ಅದಕ್ಕೇ ಬೇಗ ಬೆಳ್ಳಗಾಗುವುದು. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿದು ಕಿಡ್ನಿ ಸೇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಕಿಡ್ನಿ ಡಾಕ್ಟರುಗಳು ಇದನ್ನು ಕಣ್ಣಾರೆ ಕಂಡರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಮಂದಿ ಅವರಲ್ಲಿಗೆ ಬಂದರು. ಅವರಲ್ಲಿ 15 ಮಂದಿಯದು ಅಪರೂಪದ ರೀತಿಯದು. ಯಾಕೆ ಎಂದು ಒಬ್ಬೊಬ್ಬರನ್ನೂ ಕೂರಿಸಿ ಕೇಳಿದಾಗ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಸಮಾಧಾನದ ಮಾತೆಂದರೆ, ಕ್ರೀಮು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಹಾಗಾಗಿ ಮಗಳಿಗೆ ಒಂದು ಮೂತ್ರ ಪರೀಕ್ಷೆ ಮಾಡಿಸಿ. ಕಿಡ್ನಿಯಿಂದ ಪ್ರೋಟೀನ್ ಸೋರಿ ಹೋಗುತ್ತಿದೆಯಾ ಎಂದು ಅದರಲ್ಲೇ ಗೊತ್ತಾಗುತ್ತದೆ, ಜಾಸ್ತಿ ಖರ್ಚೂ ಇಲ್ಲ. ಬೆಳಿಗ್ಗೆ ಎದ್ದಾಗ ಕಣ್ಣ ಸುತ್ತ ಊತ, ಕಾಲಿನಲ್ಲಿ ಬಾವು, ನೊರೆ ನೊರೆಯಾದ ಮೂತ್ರ ಕಂಡರಂತೂ ಒಂದು ದಿನವೂ ತಡಮಾಡಬೇಡಿ. ಅವಳ ಟವೆಲ್, ದಿಂಬಿನ ಕವರ್ ಬೇರೆ ಇಡಿ. ಪಾದರಸ ಆವಿಯಾಗುತ್ತದೆ, ಬಟ್ಟೆಗೆ ಅಂಟುತ್ತದೆ. ಮನೆಯಲ್ಲಿ ಪುಟ್ಟ ಮೊಮ್ಮಗ ಇದ್ದಾನೆ ಎಂದು ಬರೆದಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ.

ಬಿಟ್ಟ ಕೂಡಲೇ ಮುಖ ಉರಿದದ್ದು ಇನ್ನೊಂದು ಅನುಮಾನ ಹುಟ್ಟಿಸುತ್ತದೆ. ಅದು ಸ್ಟೀರಾಯ್ಡ್, ಅಂದರೆ ಚರ್ಮದ ಉರಿಯೂತ ಇಳಿಸುವ ಔಷಧ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಸ್ಟೀರಾಯ್ಡ್‌ಗಳ ಹೆಸರುಗಳನ್ನು ನೆನಪಿಡಿ. ಇವು ಒಳ್ಳೆಯ ಔಷಧಗಳೇ, ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ. ಕ್ರೀಮಿನ ಹಾಗೆ ದಿನಾ ಮುಖಕ್ಕೆ ಬಳಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ತಣ್ಣಗೆ. ಹೀಗೇ ಒಂದು ಡಬ್ಬಿ ಹತ್ತು ಡಬ್ಬಿಯಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿತು. ಆದರೂ ಕೇಳಿದರೆ ಕೊಡುವ ಅಂಗಡಿಗಳಿವೆ. ಹುಳುಕಡ್ಡಿಗೆ ಸುಮ್ನೆ ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ಹಚ್ಚಿ, ಅದು ಮೈಯೆಲ್ಲ ಹಬ್ಬಿಸಿಕೊಂಡವರ ಕಥೆಯೂ ಇದೇ.

ಮದುವೆ ಇಟ್ಟುಕೊಂಡು ಮುಖದ ಉರಿ ನೋಡಲು ನಿಮಗೆ ಆಗುತ್ತಿಲ್ಲ, ಅರ್ಥವಾಗುತ್ತದೆ. ಡಾಕ್ಟರ ಔಷಧದಿಂದ ಉರಿ ಇಳಿಯುತ್ತದೆ, ಕೆಲವು ವಾರ ಬೇಕಾಗಬಹುದು. ಒಂದು ಮಾತು ಹೇಳಲೇಬೇಕು. ಹುಡುಗ ಒಪ್ಪಿದ್ದು ಕ್ರೀಮು ಹಚ್ಚುವ ಮೊದಲಿನ ನಿಮ್ಮ ಮಗಳನ್ನು, ಅಲ್ವಾ? ಆ ಕಪ್ಪು ಮುಖವೇ ಹಸೆಮಣೆಯ ಮೇಲೆ ಕೂರಲಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ: ‘ಹಾಗಾದರೆ ಅಂಗಡಿಯ ಎಲ್ಲ ಮೇಕಪ್ಪೂ ವಿಷವಾ?’ ಅಲ್ಲ. ‘ಕೆಮಿಕಲ್’ ಎಂಬ ಪದಕ್ಕೇ ಹೆದರುವುದು ಬೇಡ. ನೀರಿನಂಶ ಇರುವ ಕ್ರೀಮಿಗೆ ಕೆಡದಂತೆ ಇಡುವ ವಸ್ತು ಹಾಕದಿದ್ದರೆ ಬೂಸ್ಟು ಹಿಡಿಯುತ್ತದೆ. ‘ನ್ಯಾಚುರಲ್’, ‘ಹರ್ಬಲ್’ ಎಂದು ಬರೆದಿದ್ದರೆ ನಂಬುವುದೂ ಬೇಡ. ನಾನು ಮೊದಲು ನೋಡುವುದು ಹೆಸರು, ವಿಳಾಸ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನವರೆಗೆ ಬಳಸಬಹುದು, ಒಳಗೆ ಏನೇನಿದೆ ಎಂಬುದೆಲ್ಲ ಇರಬೇಕು. ಹೊರದೇಶದ್ದಾದರೆ ತರಿಸಿದವರ ವಿಳಾಸವೂ ನೋಂದಣಿ ನಂಬರೂ ಇರಬೇಕು. ಅದೇ ನಿಯಮದಲ್ಲಿ, ಮುಖದ ಕ್ರೀಮಿಗೆ ಅಕಸ್ಮಾತ್ ಸೇರಿದ ಪಾದರಸವೂ ಕಿಲೋಗೆ 1 ಮಿಲಿಗ್ರಾಂ ದಾಟಬಾರದು. ಇದರ ಸಾವಿರಾರು ಪಟ್ಟು ಪಾದರಸ ಸಿಕ್ಕಿದ ಕ್ರೀಮುಗಳಿವೆ.

ಕಾಡಿಗೆ ಬಗ್ಗೆಯೂ ಕೇಳಿದ್ದೀರಿ. ಕಲ್ಲು ಅರೆದು ಮಾಡುವ ಸುರ್ಮಾದಲ್ಲಿ ಹೆಚ್ಚಾಗಿ ಸೀಸ ಇರುತ್ತದೆ, ಅದು ಬೇಡವೇ ಬೇಡ. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ್ದಾದರೂ ಮೊಮ್ಮಗನ ಕಣ್ಣೊಳಗೆ ಹಚ್ಚಬೇಡಿ, ಬೆರಳಿನ ಕೊಳೆಯೂ ಜೊತೆಗೆ ಹೋಗುತ್ತದೆ. ದೃಷ್ಟಿಬೊಟ್ಟು ಪಾದಕ್ಕಿಟ್ಟರೂ ಆಗುತ್ತದೆ. ಮದರಂಗಿಗೆ ಸೊಪ್ಪನ್ನೇ ಅರೆದುಕೊಳ್ಳಿ. ಗಂಟೆಯೊಳಗೆ ಕಪ್ಪಗೆ ರಂಗೇರುವ ಕೋನ್‌ನಲ್ಲಿ ಕೂದಲಿನ ಡೈಗೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರುವ ಸಾಧ್ಯತೆ ಹೆಚ್ಚು. ಕೆಲವರಿಗೆ ಅದರಿಂದ ಬೊಬ್ಬೆ ಬಂದು ಕಲೆ ಉಳಿಯುತ್ತದೆ. ನೀವು ಡೈ ಹಚ್ಚುವುದಾದರೆ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ.

ಕೊನೆಗೆ ಆ ಡಬ್ಬಿ. ಡಾಕ್ಟರು ನೋಡಿದ ಮೇಲೆ ಎಸೆಯಬೇಡಿ. ಜಿಪ್ ಕವರಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಒಂದು ದೂರಿನ ಜೊತೆ ಕೊಡಿ. ಪಾರ್ಲರಿನವಳು ನಿಮ್ಮ ಓಣಿಯವಳೇ, ಅವಳ ಹೊಟ್ಟೆ ಮೇಲೆ ಹೊಡೆದಂತಾಗುತ್ತದೆ ಎಂದು ಅಳುಕಿದ್ದೀರಿ. ಅವಳೂ ಅದನ್ನು ದಿನಾ ಬರಿಗೈಯಲ್ಲಿ ಹತ್ತು ಜನರ ಮುಖಕ್ಕೆ ಹಚ್ಚುತ್ತಿರಬಹುದು. ಮೂತ್ರ ಪರೀಕ್ಷೆ ಅವಳಿಗೂ ಬೇಕು, ಹೋಗಿ ಹೇಳಿ. ವರದಿ ಬಂದ ಮೇಲೆ ನನಗೂ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕಿ