ಕಾಮೆಂಟಲ್ಲಿ ಸಾರಿ ಕೇಳ್ತಿದ್ದ ಹುಡುಗ

ಹೆಸರು, ಕಂಪ್ನಿ ಎಲ್ಲಾ ಬಿಟ್ಟಿದೀನಿ, ಗುರುತು ಸಿಗಬಾರದು ಅಂತ ಒಂದೆರಡು ವಿವರಾನೂ ಬದಲಾಯಿಸಿದೀನಿ. ಕೆಲ್ಸಕ್ಕೆ ಸೇರಿ ವರ್ಷ ತುಂಬದ ಹುಡುಗ, ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಕೋಡ್ ಬರಿಯೋನು. ನಿದ್ದೆ ಬರಲ್ಲ ಸರ್, ಕೋಡ್ ರಿವ್ಯೂ (ಬರೆದ ಕೋಡನ್ನ ಬೇರೆಯವ್ರು ಪರಿಶೀಲಿಸೋದು) ಅಂದ್ರೆ ಹೊಟ್ಟೆ ಕಿವುಚುತ್ತೆ ಅಂತ ನನ್ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದ. ಹಿಂದೆ ನಾನೂ ಸಿ ಬರೀತಿದ್ದೆ, ಅದಕ್ಕೇ ಮುಂದಿನ ಸಲ ಬರ್ತಾ ನಿನ್ ಪ್ರಾಕ್ಟೀಸ್ ಕೋಡ್ ತಗೊಂಬಾ ಅಂದೆ.

ತಂದ. ಐ++ ಪಕ್ಕ ಒಂದು ಕಾಮೆಂಟ್ (ಓದೋರಿಗೆ ಅಂತ ಕೋಡ್ ಮಧ್ಯೆ ಬರೆಯೋ ಟಿಪ್ಪಣಿ, ಕಂಪ್ಯೂಟರ್ ಅದನ್ನ ಬಿಟ್ಬಿಡುತ್ತೆ), "ಐ ಗೆ ಒಂದು ಕೂಡಿಸ್ತಿದೀನಿ". ಅದು ಬಿಡಿ, ಹೊಸಬ್ರೆಲ್ಲ ಮಾಡೋದೇ. ಕೆಳಗೆ ಹೋಗ್ತಾ ಹೋಗ್ತಾ "ಸಾರಿ, ಯಾಕೆ ವರ್ಕ್ ಆಗುತ್ತೋ ಗೊತ್ತಿಲ್ಲ", "ನಂಗೆ ಪಾಯಿಂಟರ್ ತಲೆಗೆ ಹತ್ತಲ್ಲ" (ಪಾಯಿಂಟರ್ ಅಂದ್ರೆ ಮೆಮೊರಿ ವಿಳಾಸ ಇಟ್ಕೊಳ್ಳೋ ವೇರಿಯಬಲ್). ಬೇರೆಯವ್ರು ಬೈಯೋ ಮುಂಚೆ ತಾನೇ ಬೈದ್ಕೊಂಡು ಇಟ್ಟಿದಾನೆ.

ಕೆದಕಿದ್ರೆ ಒಂದು ರಾತ್ರಿ ಕಥೆ ಬಂತು. // ಹಾಕಿ (ಅಲ್ಲಿಂದ ಸಾಲಿನ ಕೊನೇವರೆಗೂ ಕಾಮೆಂಟ್) ಫೈಲ್ ಎಲ್ಲಿದೆ ಅಂತ ವಿಂಡೋಸ್ ಪಾತ್, ಅಂದ್ರೆ ಫೋಲ್ಡರ್ ಹೆಸರುಗಳ ಮಧ್ಯೆ \ ಇರೋ ವಿಳಾಸ, ಬರೆದಿದ್ದ, ಸಾಲಿನ ಕೊನೇಲಿ ಒಂದು \ ಉಳಿದಿತ್ತು, ಕೆಳಗಿನ ಸಾಲು ಕೌಂಟ್ = 0. ಸಿ ಯಲ್ಲಿ ಸಾಲಿನ ತುದೀಲಿ \ ಇದ್ರೆ ಮುಂದಿನ ಸಾಲೂ ಅದಕ್ಕೇ ಅಂಟ್ಕೊಳುತ್ತೆ, ಕಾಮೆಂಟ್ ತೆಗೆಯೋದು ಅದಾದ್ಮೇಲೆ, ಹಂಗಾಗಿ ಕೌಂಟ್ = 0 ಪೂರ್ತಿ ಕಾಮೆಂಟೊಳಗೆ ಮುಳುಗೋಗಿತ್ತು, ಎಣಿಕೆ ಸೊನ್ನೆ ಆಗ್ತಾನೇ ಇರ್ಲಿಲ್ಲ. ಬೆಳಗಿನ ಜಾವದವರೆಗೂ ಹುಡುಕಿ ಕೊನೆಗೆ ನಾನೇ ದಡ್ಡ ಅಂತ ತೀರ್ಮಾನ ಮಾಡ್ಕೊಂಡಿದ್ದ. ಅನುಭವಸ್ಥರೂ ಬೀಳೋ ಗುಂಡಿ ಇದು! ಜಿಸಿಸಿ (ಸಿ ಕೋಡನ್ನ ಕಂಪ್ಯೂಟರ್ ಭಾಷೆಗೆ ತಿರುಗಿಸೋ ಕಂಪೈಲರ್) ಲಿ ವಾರ್ನಿಂಗ್ ಆನ್ ಮಾಡಿದ್ರೆ ಅದೇ ಹೇಳ್ತಿತ್ತು, ಇವನು ವಾರ್ನಿಂಗ್ ನೋಡೋಕೂ ಹೆದರಿ ಆಫ್ ಮಾಡಿದ್ದ.

ನಾನು ಹೇಳಿದ್ದು ಇಷ್ಟು. ಕಾಮೆಂಟಲ್ಲಿ "ನಾನು" ಬರೋದು ಬೇಡ. ಕೋಡ್ ಏನ್ ಮಾಡುತ್ತೆ ಅಂತ ಕೋಡೇ ಹೇಳುತ್ತೆ, ಯಾಕೆ ಹಿಂಗೆ ಮಾಡಿದೆ ಅನ್ನೋದನ್ನ ನೀನು ಬರಿ. ಅನುಮಾನ ಇದ್ರೂ ಬರಿ, ಆದ್ರೆ "ಇಲ್ಲಿ ಲೆಂತ್ 0 ಬಂದ್ರೆ ಚೆಕ್ ಮಾಡಿಲ್ಲ" ಅಂತ, ಅದು ಮಾಹಿತಿ, ಕ್ಷಮಾಪಣೆ ಅಲ್ಲ. ಹಳೇ ಕೋಡನ್ನ ಭಯಕ್ಕೆ /* */ ಒಳಗೆ (ಅದೂ ಕಾಮೆಂಟೇ) ಕೂಡಿಹಾಕ್ಬೇಡ, ಒಳಗೆ ಇನ್ನೊಂದು ಅಂಥದ್ದೇ ಇದ್ರೆ ಮೊದಲನೇ */ ಗೇ ಮುಗಿದು, ಉಳಿದಿದ್ದನ್ನ ಕೋಡ್ ಅಂತಲೇ ಓದಿ ಎರರ್ ಕೊಡುತ್ತೆ. ಸ್ವಲ್ಪ ಹೊತ್ತಿಗೆ ಮುಚ್ಚಿಡಬೇಕಾದ್ರೆ #ಇಫ್ 0 (ಆ ಭಾಗ ಕಂಪೈಲ್ ಮಾಡ್ಬೇಡ ಅನ್ನೋ ಸೂಚನೆ) ಹಾಕು, ಇಲ್ಲ ಅಳಿಸೇ ಬಿಡು, ಕೋಡಿನ ಹಳೇ ರೂಪಗಳನ್ನ ಉಳಿಸಿಡೋ ಗಿಟ್ ಅಲ್ಲಿ ಸೇವ್ ಮಾಡಿದ್ರೆ ಇದ್ದೇ ಇರುತ್ತೆ. ಬೈಕೊಳ್ಳೋದನ್ನ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಬಾ, ಇಬ್ರೂ ಕೂತು ಓದೋಣ.

ನಾಲ್ಕನೇ ಸಲ ಬಂದಾಗ ನಿದ್ದೆ ಇನ್ನೂ ಅಷ್ಟಕ್ಕಷ್ಟೆ ಅಂದ, ನೋಟ್‌ಬುಕ್ಕಲ್ಲಿ ಎರಡೇ ಪುಟ ತುಂಬಿತ್ತು. ಕೋಡಲ್ಲಿ ಮಾತ್ರ ಒಂದು ಹೊಸ ಸಾಲು ತೋರಿಸ್ದ: "ಪಾತ್ ಕೊನೇಲಿ \ ಬಿಡಬೇಡಿ, ಕೆಳಗಿನ ಸಾಲು ಹೋಗುತ್ತೆ".