ಸಾಲಕ್ಕಿಂತ ಕಡಿಮೆ ಬೆಲೆಯ ಮನೆ: ಆಸ್ಟಿನ್‌ನ ತಮ್ಮನಿಗೆ ಉತ್ತರ

ನಮಸ್ಕಾರ. ನನ್ನನ್ನು ಅಕ್ಕ ಅಂತ ಕರೆದು ಇಷ್ಟು ಬಿಚ್ಚಿ ಬರೆದಿದ್ದೀರಿ. ನಾನೂ ಏನೂ ಮುಚ್ಚಿಡದೆ ಬರೆಯುತ್ತೇನೆ.

ಓದುವ ಬೇರೆಯವರಿಗೂ ಅರ್ಥವಾಗಲಿ ಅಂತ ನಿಮ್ಮ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2021ರಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಮೈಸೂರಿನಿಂದ ಅಮೆರಿಕಕ್ಕೆ ಬಂದಿರಿ. 2022ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ 5 ಲಕ್ಷ 20 ಸಾವಿರ ಡಾಲರಿಗೆ ಮನೆ ತಗೊಂಡಿರಿ. ಕೈಯಿಂದ ಹಾಕಿದ್ದು 5%. ಈಗ ಕೆಲಸ ಹೋಗಿದೆ. ಪುಣ್ಯಕ್ಕೆ, ಕೆಲಸ ಹೋದ ಮೇಲೆ ಈ ವೀಸಾದವರಿಗೆ ಇರುವ 60 ದಿನದ ಗಡುವಿನೊಳಗೆ ನ್ಯೂಜೆರ್ಸಿಯಲ್ಲಿ ಬೇರೆ ಕೆಲಸ ಸಿಕ್ಕಿದೆ. ಬ್ಯಾಂಕಿಗೆ ಇನ್ನೂ 4 ಲಕ್ಷ 70 ಸಾವಿರ ಕೊಡಬೇಕು. ನಿಮ್ಮದೇ ಬೀದಿಯಲ್ಲಿ ಅಂಥದೇ ಮನೆ ಮೊನ್ನೆ 4 ಲಕ್ಷ 20 ಸಾವಿರಕ್ಕೆ ಹೋಯಿತು. ಬೀಗದ ಕೈ ಬ್ಯಾಂಕಿಗೆ ಕೊಟ್ಟು ಹೊರಡಿ ಅಂತ ಒಬ್ಬರು ಹೇಳುತ್ತಾರೆ. ಇಂಡಿಯಾಕ್ಕೆ ಹೋಗಿಬಿಡಿ, ಯಾರು ಹುಡುಕಿಕೊಂಡು ಬರುತ್ತಾರೆ ಅಂತ ಇನ್ನೊಬ್ಬರು. ಊರಲ್ಲಿ ಅಪ್ಪ ಸೈಟ್ ಮಾರಿ ದುಡ್ಡು ಕಳಿಸುತ್ತೇನೆ ಅನ್ನುತ್ತಿದ್ದಾರೆ. ಏನು ಮಾಡಲಿ ಅಕ್ಕ ಅಂತ ಕೇಳಿದ್ದೀರಿ.

ಮೊದಲು ಅಪ್ಪನಿಗೆ ಫೋನ್ ಮಾಡಿ ಸೈಟ್ ಮಾರಬೇಡಿ ಅಂತ ಹೇಳಿ. ಇವತ್ತೇ ಹೇಳಿ. ಈ ಸಾಲ ನಿಮ್ಮದು, ನಿಮ್ಮ ಮನೆಯವರದು ಮತ್ತು ಬ್ಯಾಂಕಿನದು. ಅಪ್ಪ ಇದರಲ್ಲಿ ಎಲ್ಲೂ ಸಹಿ ಹಾಕಿಲ್ಲ. ನಮ್ಮ ಕಡೆ ಸಾಲ ಅಂದರೆ ಮಾನದ ಪ್ರಶ್ನೆ, ನನಗೆ ಗೊತ್ತು. ಅದಕ್ಕೇ ಎಷ್ಟೋ ಜನ ಯಾರಿಗೂ ಹೇಳದೆ ತಿಂಗಳುಗಟ್ಟಲೆ ಒಳಗೇ ಕೊರಗುತ್ತಾರೆ. ಅಷ್ಟು ಹೊತ್ತಿಗೆ ದಾರಿಗಳು ಒಂದೊಂದೇ ಮುಚ್ಚಿಹೋಗುತ್ತವೆ. ಇಲ್ಲಿ ಇದೊಂದು ಒಪ್ಪಂದ. ಬೆಲೆ ಬೀಳಬಹುದು ಅಂತ ಬ್ಯಾಂಕಿಗೂ ಗೊತ್ತಿತ್ತು. ಆ ಅಪಾಯಕ್ಕಾಗಿಯೇ ನಿಮ್ಮಿಂದ ಪ್ರತಿ ತಿಂಗಳೂ ಪಿಎಂಐ, ಅಂದರೆ ಸಾಲ ಮುಳುಗಿದರೆ ಬ್ಯಾಂಕಿನ ನಷ್ಟ ತುಂಬುವ ವಿಮೆ ಕಟ್ಟಿಸಿಕೊಂಡಿದೆ. ಒಪ್ಪಂದವನ್ನು ಮುಗಿಸುವ ಕ್ರಮಗಳೂ ಇವೆ. ಅವುಗಳಲ್ಲಿ ಯಾವುದು ನಿಮಗೆ ಸರಿ ಅನ್ನುವುದಷ್ಟೇ ಈಗಿನ ಪ್ರಶ್ನೆ.

ನಾನು ಯಾಕೆ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಮನೆ ಇದ್ದದ್ದು ಅರಿಜೋನಾದ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ತಗೊಂಡಿದ್ದು 2006ರಲ್ಲಿ. ಮುಂದಿನ ಐದು ವರ್ಷದಲ್ಲಿ ಫೀನಿಕ್ಸ್ ಸುತ್ತ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. 2009ರ ಕೊನೆಗೆ ದೇಶದಲ್ಲಿ ಸಾಲ ಇರುವ ನಾಲ್ಕು ಮನೆಗಳಲ್ಲಿ ಹೆಚ್ಚುಕಮ್ಮಿ ಒಂದು ಅಂಡರ್‌ವಾಟರ್ ಆಗಿತ್ತು, ಅಂದರೆ ಬೆಲೆಗಿಂತ ಸಾಲ ಜಾಸ್ತಿ. ಅರಿಜೋನಾದಲ್ಲಿ ಸುಮಾರು ಅರ್ಧ ಮನೆಗಳ ಪಾಡು ಅದೇ. 2010ರಲ್ಲಿ ನಮ್ಮವರ ಕೆಲಸ ಪೋರ್ಟ್‌ಲ್ಯಾಂಡ್‌ಗೆ ಬದಲಾಯಿತು. 2011ರಲ್ಲಿ ಬ್ಯಾಂಕಿನ ಒಪ್ಪಿಗೆ ಪಡೆದು ಸಾಲಕ್ಕಿಂತ ಕಡಿಮೆ ಬೆಲೆಗೆ ಮಾರಿದೆವು. ಇದನ್ನೇ ಇಲ್ಲಿ ಶಾರ್ಟ್ ಸೇಲ್ ಅನ್ನುತ್ತಾರೆ.

ಬೀಗದ ಕೈ ಕೊಟ್ಟು ಹೋಗಿ ಅನ್ನುವ ಮಾತು ನಮ್ಮ ಆ ಕಾಲದ್ದು, ಆ ರಾಜ್ಯಗಳದ್ದು. ಅರಿಜೋನಾದಲ್ಲಿ ಮಾಮೂಲಿ ವಾಸದ ಮನೆಯನ್ನು ಬ್ಯಾಂಕು ಹರಾಜು ಹಾಕಿದರೆ, ಮನೆ ಕೊಳ್ಳಲು ಮಾಡಿದ ಸಾಲದ ಉಳಿದ ಬಾಕಿಗೆ ಸಾಮಾನ್ಯವಾಗಿ ಮಾಲೀಕನ ಬೆನ್ನು ಹತ್ತುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಇಂಥ ರಕ್ಷಣೆ ಇದೆ. ಟೆಕ್ಸಾಸ್‌ನಲ್ಲಿ ಹಾಗಿಲ್ಲ. ಅಲ್ಲಿ ತಿಂಗಳ ಮೊದಲ ಮಂಗಳವಾರ ಹರಾಜು. ಹರಾಜಾದ ಎರಡು ವರ್ಷದೊಳಗೆ ಬ್ಯಾಂಕು ಬಾಕಿಗಾಗಿ ನಿಮ್ಮ ಮೇಲೆ ದಾವೆ ಹೂಡಬಹುದು. ಹರಾಜಿನಲ್ಲಿ ತೀರಾ ಕಡಿಮೆಗೆ ಹೋಗಿದ್ದರೆ ಮನೆಯ ನಿಜವಾದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಿರಿ ಅಂತ ಕೋರ್ಟಿನಲ್ಲಿ ಕೇಳುವ ಹಕ್ಕು ನಿಮಗಿದೆ. ಆದರೆ ಅದಕ್ಕೆ ವಕೀಲರು ಬೇಕು, ದುಡ್ಡು ಬೇಕು. ಹೊಸ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಇದು ಬೇಕಾ? ಆದ್ದರಿಂದ ಯಾರೇ ಸಲಹೆ ಕೊಟ್ಟರೂ ನಿಮ್ಮ ಮನೆ ಯಾವ ರಾಜ್ಯದಲ್ಲಿತ್ತು ಅಂತ ಮೊದಲು ಕೇಳಿ.

ಈಗ ಲೆಕ್ಕಕ್ಕೆ ಬನ್ನಿ. ನಿಮಗೆ 50 ಸಾವಿರ ಕಮ್ಮಿ ಬೀಳುತ್ತದೆ ಅಂದುಕೊಂಡಿದ್ದೀರಿ. ಅಷ್ಟಕ್ಕೇ ನಿಲ್ಲುವುದಿಲ್ಲ. ಏಜೆಂಟರ ಕಮಿಷನ್ನು, ಮನೆಯ ಹಕ್ಕುಪತ್ರಕ್ಕೆ ಮಾಡಿಸುವ ಟೈಟಲ್ ವಿಮೆ, ಮಾರಾಟ ಮುಗಿಸುವ ದಿನದ ಕ್ಲೋಸಿಂಗ್ ಖರ್ಚು, ಆ ವರ್ಷದ ಆಸ್ತಿ ತೆರಿಗೆಯ ಪಾಲು, ಎಲ್ಲಾ ಸೇರಿ ಸುಮಾರು 6% ಅಂತ ಇಟ್ಟುಕೊಳ್ಳಿ. 4 ಲಕ್ಷ 20 ಸಾವಿರದಲ್ಲಿ 25 ಸಾವಿರ ಹೋಯಿತು. ಕೈಗೆ ಬರುವುದು 3 ಲಕ್ಷ 95 ಸಾವಿರ. ಅಲ್ಲಿಗೆ ಕೊರತೆ 75 ಸಾವಿರ. 2024ರ ಆಗಸ್ಟ್‌ನಿಂದ ಕಮಿಷನ್ ನಿಯಮ ಬದಲಾಗಿದೆ. ಕೊಳ್ಳುವವರ ಏಜೆಂಟಿಗೆ ನೀವು ಎಷ್ಟು ಕೊಡಬೇಕು ಅನ್ನುವುದು ಈಗ ಮಾತಾಡಿಕೊಳ್ಳುವ ವಿಷಯ. ಅಲ್ಲಿ ಸ್ವಲ್ಪ ಉಳಿಯಬಹುದು. ಆದರೆ ನಿಮ್ಮ ಬಡಾವಣೆಯ ಕೊನೆಯಲ್ಲಿ ಬಿಲ್ಡರ್ ಇನ್ನೂ ಹೊಸ ಮನೆ ಕಟ್ಟುತ್ತಿದ್ದಾನೆ ಅಂತ ಬರೆದಿದ್ದೀರಿ. ಅವನು ಬಡ್ಡಿ ಇಳಿಸಿಕೊಡುತ್ತಾನೆ, ಕ್ಲೋಸಿಂಗ್ ಖರ್ಚು ತಾನೇ ಹಾಕುತ್ತಾನೆ. ಅದೇ ಗಿರಾಕಿ ನಿಮ್ಮ ಮನೆಗೂ ಬರಬೇಕು. ಹಾಗಾಗಿ ಜಾಸ್ತಿ ಬೆಲೆಯ ಆಸೆ ಇಟ್ಟುಕೊಳ್ಳಬೇಡಿ.

ಬಾಡಿಗೆಗೆ ಕೊಟ್ಟು ಹೋಗಬಹುದಾ ಅಂತಲೂ ಕೇಳಿದ್ದೀರಿ. ನಿಮ್ಮ ಕಂತು, ತೆರಿಗೆ, ವಿಮೆ, ಪಿಎಂಐ, ಬಡಾವಣೆಯ ಸಂಘಕ್ಕೆ ಕಟ್ಟುವ ಎಚ್‌ಒಎ ಶುಲ್ಕ ಎಲ್ಲಾ ಸೇರಿ ತಿಂಗಳಿಗೆ 3,900. ಅಲ್ಲಿ ಬಾಡಿಗೆ 2,400 ಬರುತ್ತದೆ ಅಂತ ನೀವೇ ಬರೆದಿದ್ದೀರಿ. ತಿಂಗಳಿಗೆ 1,500 ಕೈಯಿಂದ, ವರ್ಷಕ್ಕೆ 18 ಸಾವಿರ. ನೀವು ಅಲ್ಲಿ ವಾಸ ಇಲ್ಲದ ಮೇಲೆ ಸ್ವಂತ ವಾಸದ ಮನೆಗೆ ಆಸ್ತಿ ತೆರಿಗೆಯಲ್ಲಿ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ ಹೋಗಿ ತೆರಿಗೆ ಇನ್ನೂ ಏರುತ್ತದೆ. ಬೆಲೆ ಎರಡು ವರ್ಷದಲ್ಲಿ ಚೇತರಿಸಿಕೊಂಡರೆ ಸರಿ. ಆದರೆ ಫೀನಿಕ್ಸ್ ಬೆಲೆ 2006ರ ಮಟ್ಟಕ್ಕೆ ವಾಪಸ್ ಬರಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ನಿಮ್ಮ ಊರಿಗೂ ಅಷ್ಟೇ ಹಿಡಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ನ್ಯೂಜೆರ್ಸಿಯಲ್ಲಿ ಬಾಡಿಗೆ ಕಟ್ಟುತ್ತಾ, ಟೆಕ್ಸಾಸ್‌ನಲ್ಲಿ ನೀರಿನ ಹೀಟರ್ ಕೆಟ್ಟಿತು ಅಂತ ಬರುವ ಫೋನ್ ತೆಗೆಯುತ್ತಾ ಎಷ್ಟು ವರ್ಷ ಕಾಯಬಲ್ಲಿರಿ ಅಂತ ಇಬ್ಬರೂ ಕೂತು ಮಾತಾಡಿ. ಒಂದು ಮಾತು ನೆನಪಿರಲಿ. ಕಂತು ತಪ್ಪದೆ ಕಟ್ಟುತ್ತಿರುವವರೆಗೆ ಬೆಲೆ ಬಿದ್ದಿದೆ ಅಂತ ಬ್ಯಾಂಕು ನಿಮ್ಮನ್ನು ಏನೂ ಕೇಳುವುದಿಲ್ಲ. ನೀವು ಲಿಯಾಂಡರ್‌ನಲ್ಲೇ ಇರುವಂತಿದ್ದರೆ ಸುಮ್ನೆ ಕಟ್ಟಿಕೊಂಡು ಇರಿ ಅಂತಲೇ ಹೇಳುತ್ತಿದ್ದೆ.

75 ಸಾವಿರ ಉಳಿತಾಯದಲ್ಲೇ ಇದ್ದರೆ ಕ್ಲೋಸಿಂಗ್ ದಿನ ಕಟ್ಟಿ ಮುಗಿಸುವುದು ಎಲ್ಲಕ್ಕಿಂತ ಸುಲಭ. ನಿಮ್ಮ ಕ್ರೆಡಿಟ್ ಸ್ಕೋರ್‌ಗೆ ಏನೂ ಆಗುವುದಿಲ್ಲ. ಇಲ್ಲದಿದ್ದರೆ 401ಕೆ ಅನ್ನುವ ನಿವೃತ್ತಿಯ ಉಳಿತಾಯ ಮುರಿದು ಕಟ್ಟಬೇಡಿ. ಆ ದುಡ್ಡನ್ನು ಸಾಮಾನ್ಯವಾಗಿ ಸಾಲ ಕೊಟ್ಟವರು ಮುಟ್ಟುವ ಹಾಗಿಲ್ಲ. ನಿಮ್ಮ ವಯಸ್ಸಿನಲ್ಲಿ ತೆಗೆದರೆ ತೆರಿಗೆಯ ಜೊತೆ 10% ದಂಡ ಬೇರೆ.

ಉಳಿದದ್ದು ಶಾರ್ಟ್ ಸೇಲ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂತು ಕಟ್ಟಿಸಿಕೊಳ್ಳುವ ಕಂಪನಿಗೆ ಫೋನ್ ಮಾಡಿ ಲಾಸ್ ಮಿಟಿಗೇಶನ್, ಅಂದರೆ ಕಂತು ಕಟ್ಟಲು ಕಷ್ಟವಾದವರ ವಿಷಯ ನೋಡುವ ವಿಭಾಗ ಬೇಕು ಅನ್ನಿ. ಕಷ್ಟ ಏನು ಅಂತ ಒಂದು ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಎರಡು ವರ್ಷದ ಟ್ಯಾಕ್ಸ್ ರಿಟರ್ನ್ ಕೇಳುತ್ತಾರೆ. ಕೆಲಸಕ್ಕಾಗಿ 50 ಮೈಲಿಗಿಂತ ದೂರ ಹೋಗಬೇಕಾಗಿ ಬಂದದ್ದನ್ನು ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಂಡುಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ಎರಡೂ ಕಷ್ಟದ ಕಾರಣಗಳಲ್ಲಿ ಸೇರಿಸುತ್ತವೆ. ನಿಮ್ಮ ಸಾಲ ಅವರ ಕೈಯಲ್ಲಿದೆಯಾ ಅಂತ ಅವರ ವೆಬ್‌ಸೈಟಿನಲ್ಲೇ ನೋಡಬಹುದು. ಆ ಪತ್ರದಲ್ಲಿ ಒಂದು ಸುಳ್ಳೂ ಬೇಡ. ಉಳಿತಾಯವನ್ನು ಊರಿನ ಖಾತೆಗೆ ಸಾಗಿಸಿ ದುಡ್ಡಿಲ್ಲ ಅಂತ ಬರೆಯುವುದು ಇಲ್ಲಿ ಫೆಡರಲ್ ಅಪರಾಧ. ಸಾಲ ಕಟ್ಟಲಾಗದಿರುವುದು ಅಪರಾಧ ಅಲ್ಲ, ಅದು ಸಿವಿಲ್ ವ್ಯವಹಾರ. ಈ ಎರಡರ ನಡುವಿನ ಗೆರೆಯನ್ನು ವೀಸಾ ಮೇಲೆ ಇರುವ ನಾವು ಯಾವತ್ತೂ ದಾಟಬಾರದು. ಹಾಗೆಯೇ ಕಮ್ಮಿ ಬೆಲೆಗೆ ನೆಂಟರ ಹೆಸರಿಗೆ ಮಾರಿಸುವ ಉಪಾಯವನ್ನೂ ಯಾರಾದರೂ ಹೇಳುತ್ತಾರೆ. ಕೊಳ್ಳುವವರು ನಮಗೆ ಸಂಬಂಧಪಟ್ಟವರಲ್ಲ ಅಂತ ಸಹಿ ಹಾಕಬೇಕಾಗುತ್ತದೆ. ಆ ಕಡೆ ತಲೆ ಹಾಕಬೇಡಿ.

ಗಿರಾಕಿ ಸಿಕ್ಕ ಮೇಲೆ ಅವರ ಆಫರ್ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ತನ್ನವರನ್ನು ಕಳಿಸಿ ಮನೆಯ ಬೆಲೆ ಕಟ್ಟಿಸುತ್ತದೆ. ಪಿಎಂಐ ಕಂಪನಿಯೂ ಒಪ್ಪಬೇಕಾಗಬಹುದು. ತಿಂಗಳುಗಳು ಹಿಡಿಯುತ್ತವೆ. ನಮ್ಮ ಕಾಲದಲ್ಲಿ ಒಂದೇ ಕಾಗದವನ್ನು ಮತ್ತೆ ಮತ್ತೆ ಫ್ಯಾಕ್ಸ್ ಮಾಡಬೇಕಿತ್ತು. ಪ್ರತಿ ಸಲ ಹೊಸಬರು ಫೋನ್ ಎತ್ತಿ ಫೈಲೇ ಸಿಗುತ್ತಿಲ್ಲ ಅನ್ನುತ್ತಿದ್ದರು. ಈಗ ನಿಯಮ ಬಿಗಿಯಾಗಿದೆ. 2014ರಿಂದ, ಕಂತು ತಪ್ಪಿ 120 ದಿನ ದಾಟುವವರೆಗೆ ಹರಾಜಿನ ಮೊದಲ ಹೆಜ್ಜೆ ಇಡುವಂತಿಲ್ಲ. ಅದರೊಳಗೆ ಪೂರ್ತಿ ಅರ್ಜಿ ಕೊಟ್ಟಿದ್ದರೆ ಅದನ್ನು ನೋಡಿ ಉತ್ತರ ಹೇಳಬೇಕು. ಆದರೂ ಯಾರ ಜೊತೆ, ಯಾವತ್ತು, ಏನು ಮಾತಾಡಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಒಪ್ಪಿಗೆ ಪತ್ರ ಬಂತು ಅಂತ ಖುಷಿಪಟ್ಟು ಸಹಿ ಹಾಕಬೇಡಿ. ನಮ್ಮ ಪತ್ರ ಬಂದ ದಿನ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಓದಿದೆವು. ಎರಡನೇ ಪುಟದ ಕೆಳಗೆ ಒಂದು ಸಾಲು ಇತ್ತು. ಮನೆಯ ಮೇಲಿನ ಹಕ್ಕನ್ನು ಬ್ಯಾಂಕು ಬಿಡುತ್ತದೆ, ಉಳಿದ ಬಾಕಿಯನ್ನು ವಸೂಲಿ ಮಾಡುವ ಹಕ್ಕನ್ನು ಇಟ್ಟುಕೊಳ್ಳುತ್ತದೆ ಅಂತ. ಅರಿಜೋನಾದ ರಕ್ಷಣೆ ಹರಾಜಿಗೆ ಸಂಬಂಧಪಟ್ಟದ್ದು. ನಾವಾಗಿ ಮಾರಿದರೆ ಅದು ತಾನಾಗಿ ಬರುವುದಿಲ್ಲ. ನಮ್ಮ ಏಜೆಂಟ್ ಹೆಂಗಸು ಆ ಸಾಲಿಗೆ ಪೆನ್ನಿನಿಂದ ಸುತ್ತು ಹಾಕಿ, ಪತ್ರವನ್ನು ಹಾಗೇ ವಾಪಸ್ ಕಳಿಸಿದರು. ಬದಲಾಗಿ ಬಂದ ಪತ್ರದಲ್ಲಿ ಬಾಕಿ ಪೂರ್ತಿ ಮನ್ನಾ ಅಂತ ಸ್ಪಷ್ಟವಾಗಿ ಇತ್ತು. ಆಮೇಲೆ ಸಹಿ ಹಾಕಿದೆವು. ಟೆಕ್ಸಾಸ್‌ನಲ್ಲಿ ನಿಮಗೆ ಆ ಸಾಲು ಇನ್ನೂ ಮುಖ್ಯ. ಬ್ಯಾಂಕಷ್ಟೇ ಅಲ್ಲ, ಪಿಎಂಐ ಕಂಪನಿಯೂ ನಿಮ್ಮನ್ನು ಕೇಳುವುದಿಲ್ಲ ಅಂತ ಇರಬೇಕು. ನಿಮ್ಮದು ಒಳ್ಳೇ ಸಂಬಳ. ಹಾಗಾಗಿ ಸ್ವಲ್ಪ ದುಡ್ಡು ಹಾಕಿ, ಇಲ್ಲವೇ ಇಷ್ಟಕ್ಕೆ ಪ್ರೋನೋಟು ಬರೆದುಕೊಡಿ ಅಂತ ಕೇಳಬಹುದು. ಅದರಲ್ಲೂ ಚೌಕಾಸಿ ಉಂಟು. 75 ಸಾವಿರದ ಬದಲು 10 ಸಾವಿರ ಕಟ್ಟಿ ಪೂರ್ತಿ ಬಿಡುಗಡೆ ಸಿಗುವುದಾದರೆ ತಗೊಳ್ಳಿ.

ಮನ್ನಾ ಆದ ಸಾಲವನ್ನು ಸರ್ಕಾರ ಆದಾಯ ಅಂತ ನೋಡುತ್ತದೆ. ಬ್ಯಾಂಕಿನಿಂದ 1099-ಸಿ ಅನ್ನುವ ಕಾಗದ ಬರುತ್ತದೆ. ವಾಸದ ಮನೆಗೆ ಇದರಿಂದ ವಿನಾಯಿತಿ ಕೊಡುವ ಕಾನೂನು 2007ರ ಡಿಸೆಂಬರ್‌ನಲ್ಲಿ ಬಂತು. ನಮಗೆ ಅದು ಸಿಕ್ಕಿತು. ಅದರ ಅವಧಿಯನ್ನು ವಿಸ್ತರಿಸುತ್ತಾ 2025ರ ಕೊನೆಯವರೆಗೆ ತಂದರು. ನಿಮ್ಮ ಮಾರಾಟದ ಹೊತ್ತಿಗೆ ಅದು ಅನ್ವಯಿಸುತ್ತದಾ ಅಂತ ತೆರಿಗೆ ಲೆಕ್ಕ ನೋಡುವ ಸಿಪಿಎ ಹತ್ತಿರ ಸಹಿಗೆ ಮೊದಲೇ ಕೇಳಿ. ಅದಿಲ್ಲದಿದ್ದರೂ, ಮನ್ನಾ ಆಗುವ ಹಿಂದಿನ ಗಳಿಗೆಯಲ್ಲಿ ನಿಮ್ಮ ಒಟ್ಟು ಆಸ್ತಿಗಿಂತ ಒಟ್ಟು ಸಾಲ ಎಷ್ಟು ಜಾಸ್ತಿಯಿತ್ತೋ ಅಷ್ಟರ ಮಟ್ಟಿಗೆ ತೆರಿಗೆ ಇಲ್ಲ. ಅದಕ್ಕೆ 982 ಅನ್ನುವ ಫಾರಂ ಇದೆ. ಆ ಲೆಕ್ಕದಲ್ಲಿ 401ಕೆ ಕೂಡ ಆಸ್ತಿಯಾಗಿಯೇ ಸೇರುತ್ತದೆ.

ಇಂಡಿಯಾಕ್ಕೆ ಹೋಗಿ ಅಲ್ಲಿಂದ ನಿಧಾನವಾಗಿ ಮಾರೋಣ ಅನ್ನುವವರಿಗೂ ಒಂದು ಮಾತು. ತೆರಿಗೆ ಲೆಕ್ಕದಲ್ಲಿ ಹೊರದೇಶದವರಾದ ಮೇಲೆ ಮಾರಿದರೆ ಫಿರ್ಪ್ಟಾ ಅನ್ನುವ ಕಾನೂನು ಬರುತ್ತದೆ. ಕೊಳ್ಳುವವರು ಮಾರಾಟದ ಪೂರ್ತಿ ಬೆಲೆಯ 15% ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅವರು ತಾವೇ ವಾಸಕ್ಕೆ ಬರುವುದಾದರೆ ನಿಮ್ಮ ಮನೆಯ ಬೆಲೆಗೆ 10%. ಲಾಭವೋ ನಷ್ಟವೋ ಅಂತ ನೋಡುವುದಿಲ್ಲ. ಆಮೇಲೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಮೊದಲೇ ಅರ್ಜಿ ಹಾಕಿ ಕಮ್ಮಿಯೂ ಮಾಡಿಸಬಹುದು. ಆದರೆ 75 ಸಾವಿರ ಕೊರತೆ ಇರುವ ಮಾರಾಟದಲ್ಲಿ ಇನ್ನೊಂದು 42 ಸಾವಿರ ಎಲ್ಲಿಂದ ತರುತ್ತೀರಿ? ಹೊರಡುವುದೇ ಆದರೆ ಮಾರಿ ಹೊರಡಬೇಕು.

ಕ್ರೆಡಿಟ್ ಬಗ್ಗೆ ಹೆದರಿದ್ದೀರಿ. ಪೆಟ್ಟು ಬೀಳುತ್ತದೆ, ಏಳು ವರ್ಷ ವರದಿಯಲ್ಲಿ ಇರುತ್ತದೆ. ಆದರೆ ಫ್ಯಾನಿ ಮೇ ನಿಯಮದಲ್ಲಿ ಶಾರ್ಟ್ ಸೇಲ್ ಆದವರು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಮತ್ತೆ ಮನೆ ಸಾಲ ಪಡೆಯಬಹುದು. ಹರಾಜಾದವರು ಏಳು ವರ್ಷ ಕಾಯಬೇಕು. ಬೀಗದ ಕೈ ಕೊಟ್ಟು ಹೋಗಬೇಡಿ ಅನ್ನಲು ನನಗೆ ಇದೂ ಒಂದು ಕಾರಣ. ನಾವು 2016ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಮತ್ತೆ ಮನೆ ತಗೊಂಡೆವು. ಮಕ್ಕಳು ಅಲ್ಲೇ ಬೆಳೆದರು.

ಈ ವಾರ ಮಾಡಬೇಕಾದ್ದು ಇಷ್ಟು. ನ್ಯೂಜೆರ್ಸಿಯಲ್ಲಿ ಬಾಡಿಗೆ ಮನೆಯ ಲೀಸ್‌ಗೆ ಮೊದಲು ಸಹಿ ಹಾಕಿ. ಅಲ್ಲಿನವರು ಕ್ರೆಡಿಟ್ ನೋಡಿಯೇ ಮನೆ ಕೊಡುತ್ತಾರೆ, ನಿಮ್ಮದು ಈಗ ಚೆನ್ನಾಗಿದೆ. ಕಂತು ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ವಕೀಲರನ್ನು ಕೇಳದೆ ನಿಲ್ಲಿಸಬೇಡಿ. ಸರ್ಕಾರದ ಹಡ್ ಇಲಾಖೆ ಮಾನ್ಯ ಮಾಡಿದ ಹೌಸಿಂಗ್ ಕೌನ್ಸೆಲರ್‌ಗಳು ಇದ್ದಾರೆ, ಇಂಥ ಕಷ್ಟಕ್ಕೆ ದುಡ್ಡು ತಗೊಳ್ಳುವುದಿಲ್ಲ. ಮೊದಲೇ ಫೀಸ್ ಕೊಡಿ, ಸಾಲ ಕಡಿಮೆ ಮಾಡಿಸುತ್ತೇವೆ ಅಂತ ಫೋನ್ ಮಾಡುವವರನ್ನು ನಂಬಬೇಡಿ. ಟೆಕ್ಸಾಸ್‌ನಲ್ಲಿ ಶಾರ್ಟ್ ಸೇಲ್ ಮಾಡಿಸಿ ಅನುಭವ ಇರುವ ಏಜೆಂಟನ್ನೇ ಹುಡುಕಿ. ಬ್ಯಾಂಕಿನ ಒಪ್ಪಿಗೆ ಪತ್ರ ಬಂದ ದಿನ ಅದನ್ನು ವಕೀಲರಿಗೆ ತೋರಿಸಿ. ನನಗೂ ಒಂದು ಪ್ರತಿ ಕಳಿಸಿ, ರಾತ್ರಿ ಎಷ್ಟು ಹೊತ್ತಾದರೂ ಸರಿ, ಇಬ್ಬರೂ ಫೋನಿನಲ್ಲಿ ಕೂತು ಸಾಲು ಸಾಲಾಗಿ ಓದೋಣ.